ಶೇಡಿಯ ಕಿವಿಗಲ್ಲು

ಮೀನಿಗೆ ಕಿವಿ ಇದೆ ಎಂದರೆ ತೋಪಿನಕೋಡಿಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಕಿವಿ ಇದ್ದಿದ್ದರೆ ಬಲೆ ಬೀಳುವ ಸದ್ದು ಕೇಳಿ ಓಡಿಹೋಗುತ್ತಿರಲಿಲ್ಲವೇ ಎನ್ನುವುದು ಅವರ ವಾದ. ಆದರೆ ಇದೆ, ಹೊರಗೆ ಕಾಣುವುದಿಲ್ಲ ಅಷ್ಟೆ. ಮೀನಿನ ತಲೆಬುರುಡೆಯೊಳಗೆ, ಮಿದುಳಿನ ಎರಡೂ ಪಕ್ಕದಲ್ಲಿ ಪುಟ್ಟ ಬಿಳಿ ಕಲ್ಲುಗಳಿರುತ್ತವೆ. ಮೀನು ಹುಟ್ಟಿದಂದಿನಿಂದ ದಿನಕ್ಕೊಂದು ಪದರದಂತೆ ಆ ಕಲ್ಲು ಬೆಳೆಯುತ್ತದೆ. ಅವತ್ತು ಮೀನು ಯಾವ ನೀರಿನಲ್ಲಿ ಈಜುತ್ತಿತ್ತೋ ಆ ನೀರಿನಲ್ಲಿ ಕರಗಿದ್ದುದರ ಒಂದು ಕಣ ಅವತ್ತಿನ ಪದರದಲ್ಲಿ ಸೇರಿ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಅದನ್ನು ಅಳಿಸುವವರಿಲ್ಲ. ಹಾಗಾದರೆ ಆ ಪದರಗಳನ್ನು ಒಂದೊಂದಾಗಿ ಓದಲು ಬಂದರೆ? ಸತ್ತ ಮೀನು ತಾನು ಯಾವ ದಿನ ಎಲ್ಲಿದ್ದೆ, ಅಲ್ಲಿ ಯಾವ ವಿಷ ಕುಡಿದೆ ಎಂದು ಬಾಯಿಬಿಟ್ಟರೆ?

ಡಾ. ನೀಲಾಂಬಿಕಾ ಕೊಣ್ಣೂರ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಹನ್ನೊಂದು ವರ್ಷ ಕಳೆದಿದ್ದಳು. ಕೊನೆಗೆ ಉತ್ತರವಾಗಿ ಒಂದು ಯಂತ್ರವನ್ನೇ ಕಟ್ಟಿದಳು. ಅದಕ್ಕೆ ಅವಳು ಇಟ್ಟ ಹೆಸರು ‘ದಿನಚರಿ’. ನೋಡಲು ಹೊಲಿಗೆ ಯಂತ್ರದಷ್ಟೇ ದೊಡ್ಡದು. ಒಳಗೆ ಕೂದಲಿಗಿಂತ ಸಣ್ಣದೊಂದು ಬೆಳಕಿನ ಕಡ್ಡಿ ಕಿವಿಗಲ್ಲಿನ ಪದರಗಳನ್ನು ಈರುಳ್ಳಿ ಸುಲಿದಂತೆ ಸುಲಿಯುತ್ತದೆ. ಪ್ರತಿ ಪದರದಿಂದ ಎದ್ದ ಹೊಗೆಯನ್ನು ಯಂತ್ರ ಮೂಸಿ ನೋಡಿ, ಅವತ್ತಿನ ನೀರಿನ ಉಪ್ಪೆಷ್ಟು, ಬಿಸಿಯೆಷ್ಟು, ಪಾದರಸವೆಷ್ಟು, ಸೀಸವೆಷ್ಟು ಎಂದು ಹೇಳುತ್ತದೆ. ಇಡೀ ಕರಾವಳಿಯ ಕಡಲಿನಲ್ಲಿ ಸರ್ಕಾರ ತೇಲಿಬಿಟ್ಟ ಅಳತೆಯ ಡಬ್ಬಿಗಳಿದ್ದವು. ಯಾವ ದಿನ ಎಲ್ಲಿ ಎಷ್ಟು ಉಪ್ಪು, ಎಷ್ಟು ಬಿಸಿ ಎಂಬ ಲೆಕ್ಕ ಅವುಗಳಲ್ಲಿತ್ತು. ಪದರದ ಲೆಕ್ಕ ಮತ್ತು ಕಡಲಿನ ಲೆಕ್ಕ ಎಲ್ಲಿ ತಾಳೆಯಾಗುತ್ತದೋ ಅಲ್ಲೇ ಆ ಮೀನು ಆ ದಿನ ಇತ್ತು. ಇಷ್ಟೇ ಉಪಾಯ. ಹೇಳಲು ಸುಲಭ, ಮಾಡುವಷ್ಟರಲ್ಲಿ ನೀಲಾಳ ತಲೆಯಲ್ಲಿ ಬಿಳಿಗೂದಲು ಬಂದಿತ್ತು.

ಆ ಯಂತ್ರ ಕುಂದಾಪುರದ ಉತ್ತರಕ್ಕಿರುವ ತೋಪಿನಕೋಡಿಗೆ ಬಂದದ್ದಕ್ಕೆ ಕಾರಣ ಒಂದು ಹಳೆಯ ಪಾಪ. ಎರಡನೇ ಮಹಾಯುದ್ಧ ಮುಗಿದಾಗ ಉಳಿದ ಮದ್ದುಗುಂಡನ್ನು ಏನು ಮಾಡುವುದೆಂದು ತೋಚದೆ ಯಾರೋ ಒಂದು ಹಡಗಿನ ತುಂಬ ತಂದು ಇದೇ ಕಡಲಿಗೆ ಸುರಿದಿದ್ದರು. ಎಲ್ಲಿ ಸುರಿದರು ಎಂದು ಬರೆದಿಟ್ಟ ಕಾಗದ ಯಾರ ಬಳಿಯೂ ಇರಲಿಲ್ಲ. ನೂರು ವರ್ಷ ಕಬ್ಬಿಣ ತಡೆದುಕೊಂಡಿತು. ೨೦೪೬ರ ಸುಮಾರಿಗೆ ತುಕ್ಕು ತೂತಾಗಿ ಒಳಗಿನದು ಸೋರತೊಡಗಿತು. ಮೊದಲು ಕಂಡುಹಿಡಿದವರು ವಿಜ್ಞಾನಿಗಳಲ್ಲ, ಮೀನು ಕೊಯ್ಯುವ ಹೆಂಗಸರು. ಶೇಡಿ ಮೀನಿನ ಹೊಟ್ಟೆ ಸೀಳಿದರೆ ಲಿವರಿನಲ್ಲಿ ಕಡಲೆಕಾಳಿನಷ್ಟು ಗಂಟುಗಳು. ಶೇಡಿ ಎಂದರೆ ಬೆಕ್ಕಿನಂತೆ ಮೀಸೆ ಇರುವ ಮೀನು. ಅದು ಕಡಲಿನ ತಳದ ಕೆಸರಿನಲ್ಲೇ ಮೇಯುತ್ತದೆ. ತಳದಲ್ಲಿ ಏನಿದೆಯೋ ಅದು ಶೇಡಿಯ ಹೊಟ್ಟೆಗೆ ಹೋಗದೆ ಇರುವುದಿಲ್ಲ.

ಬಂದರಿನ ಪಕ್ಕ ಮುಚ್ಚಿಹೋಗಿದ್ದ ಐಸ್ ಪ್ಲಾಂಟೊಂದನ್ನು ತೊಳೆದು, ಸುಣ್ಣ ಬಳಿದು, ನೀಲಾ ತನ್ನ ಪ್ರಯೋಗಾಲಯ ಮಾಡಿಕೊಂಡಳು. ಉಳಿದುಕೊಳ್ಳಲು ಅಕ್ಕಣಿಯ ಮನೆಯ ಮಹಡಿಯ ಕೋಣೆ ಸಿಕ್ಕಿತು. ಅಕ್ಕಣಿಗೆ ಅರವತ್ತೆರಡು. ನಲವತ್ತು ವರ್ಷದಿಂದ ಮೀನು ಕೊಯ್ದು ಮಾರಿದವಳು, ಬಂದರಿನ ಹೆಂಗಸರಿಗೆಲ್ಲ ಹಿರಿಯಳು. ಅವಳ ಮಗ ಶೀನನಿಗೆ ಒಂದು ನಾಡದೋಣಿ. ಊರಿನ ನೂರ ನಲವತ್ತು ನಾಡದೋಣಿಯವರು ಏನೇ ತೀರ್ಮಾನ ಮಾಡಿದರೂ ಶೀನನ ಮಾತು ಕೇಳಿಯೇ ಮಾಡುತ್ತಿದ್ದರು.

ಇಲ್ಲೊಂದು ತಮಾಷೆ ಹೇಳಬೇಕು. ಮೀನಿನ ಬಗ್ಗೆ ಇಷ್ಟೆಲ್ಲ ತಿಳಿದ ನೀಲಾ ಜನ್ಮದಲ್ಲಿ ಒಂದು ಮೀನು ತಿಂದವಳಲ್ಲ. ಬಾಗಲಕೋಟೆ ಕಡೆಯ ಲಿಂಗಾಯತರ ಮನೆಯ ಹುಡುಗಿ. ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದರೆ ಅವಳಿಗೆ ಬೇರೇನೂ ಬೇಡ. ಅಕ್ಕಣಿ ಅವಳಿಗೆಂದೇ ಬೇರೆ ಒಲೆ, ಬೇರೆ ಪಾತ್ರೆ ಇಟ್ಟಿದ್ದಳು. ಚುಡಾಯಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ.

“ಹ್ವಾಯ್ ಡಾಕ್ಟ್ರಮ್ಮ, ಇವತ್ತ್ ಹನ್ನೊಂದ್ ತಲಿ ಇತ್ತ್ ಕಾಣಿ. ಮೀನ್ ತಿಂಬುಕಾತಿಲ್ಲೆ, ಮೀನಿನ್ ತಲಿ ಮಾತ್ರ ಬೇಕಾ ನಿಮ್ಗೆ?”

“ತಲಿ ಅಷ್ಟೇ ಬೇಕ್ರಿ ಅಕ್ಕಾರ. ಉಳಿದದ್ದು ನೀವೇ ಇಟ್ಕೊಳ್ರಿ.”

ತಲೆ ಬೇಕೆಂದು ನೀಲಾ ಕೇಳಿದ ದಿನವೇ ಹೆಂಗಸರು ಮಾತಿಲ್ಲದೆ ಒಪ್ಪಿದ್ದರು. ಅಕ್ಟೋಬರ್ ತಿಂಗಳಿಡೀ ದಿನ ಬೆಳಗಾದರೆ ಬುಟ್ಟಿಯಲ್ಲಿ ಶೇಡಿ ತಲೆಗಳು ಐಸ್ ಪ್ಲಾಂಟಿನ ಬಾಗಿಲಿಗೆ ಬರುತ್ತಿದ್ದವು. ತೊಳೆದು, ಐಸು ಹಾಕಿ, ಹಿಡಿದ ದಿನಾಂಕದ ಚೀಟಿ ಕಟ್ಟಿ ಕಳಿಸುತ್ತಿದ್ದರು. ಎಂತಹ ಒಳ್ಳೆಯ ಜನ ಎಂದುಕೊಂಡಳು ನೀಲಾ. ಮೀನಿನ ತಲೆ ಎಂದರೆ ಬಿಸಾಡುವ ವಸ್ತು ಎಂದೇ ಅವಳು ತಿಳಿದಿದ್ದಳು. ಜೋಳದ ರೊಟ್ಟಿಯ ಊರಿನಿಂದ ಬಂದವಳಿಗೆ ಬೇರೆ ಹೇಗೆ ತಿಳಿಯಬೇಕು?

ಇನ್ನೂರ ಹನ್ನೆರಡು ತಲೆಗಳಾದವು. ದಿನಚರಿ ಒಂದೊಂದನ್ನೇ ಓದಿತು. ಕಲ್ಲಿನ ಹೊರಗಿನ ಪದರ ಎಂದರೆ ಬಲೆಗೆ ಬಿದ್ದ ದಿನ. ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೋದಂತೆ ಎಲ್ಲ ಕಲ್ಲುಗಳಲ್ಲೂ ಒಂದೆಡೆ ಪಾದರಸ ಮತ್ತು ಸೀಸ ಧುತ್ತೆಂದು ಮೇಲೇರುತ್ತಿತ್ತು. ಪಾದರಸ ಗುಂಡಿಗೆ ಕಿಡಿ ಹಚ್ಚುವ ಸಿಡಿಕೇಪಿನದು, ಸೀಸ ಅದರ ಮೈಯದು. ಮದ್ದುಗುಂಡಿನ ರುಜು ಅದು, ಬೇರೆಲ್ಲಿಂದಲೂ ಆ ಜೋಡಿ ಬರುವಂತಿಲ್ಲ. ದಿನಾಂಕ ನೋಡಿದರೆ ಅಕ್ಟೋಬರ್ ಮೊದಲ ಮೂರು ವಾರ. ಅದೇ ಪದರಗಳಲ್ಲಿ ಉಪ್ಪು ಮಾತ್ರ ಕಡಿಮೆ. ಅಕ್ಟೋಬರಿನಲ್ಲಿ ಮಳೆ ನಿಂತು ಕಡಲು ಮತ್ತೆ ಉಪ್ಪಾಗಿರುತ್ತದೆ. ಸಪ್ಪೆ ನೀರು ಉಳಿಯುವುದು ಹೊಳೆಯ ಬಾಯಿಗೆ ಹತ್ತಿರದಲ್ಲಿ ಮಾತ್ರ. ಯಂತ್ರ ನಕ್ಷೆಯ ಮೇಲೆ ಬೊಟ್ಟು ಇಟ್ಟು ತೋರಿಸಿತು: ದಡದಿಂದ ಏಳು ಕಿಲೋಮೀಟರ್, ನೆತ್ತಿಕಲ್ಲು.

ಬೊಟ್ಟು ಸ್ವಲ್ಪ ಕಲಸಿದಂತಿತ್ತು, ನಿಜ. ಒಂದು ಮೀನು ಇಲ್ಲಿ ಎಂದರೆ ಇನ್ನೊಂದು ಎರಡು ಕಿಲೋಮೀಟರ್ ಆಚೆ ಎನ್ನುತ್ತಿತ್ತು. ಕಡಲ ಸೆಳೆತದಿಂದ ಹಾಗಾಗಿರಬೇಕು ಎಂದು ನೀಲಾ ಸಮಾಧಾನ ಮಾಡಿಕೊಂಡಳು. ವರದಿ ಬರೆದು ಕಳಿಸಿದಳು. ಅವಳ ಮೇಲಧಿಕಾರಿ ಪ್ರೊಫೆಸರ್ ಉಪಾಧ್ಯರು ಮೈಸೂರಿನಿಂದ ಪರದೆಯ ಮೇಲೆ ಬಂದು, “ಇದು ಚರಿತ್ರೆ ಕಣಮ್ಮ, ನೂರು ವರ್ಷದ ಕಳ್ಳತನವನ್ನ ಮೀನಿನ ಕೈಲಿ ಹೇಳಿಸಿದ್ದೀಯ,” ಎಂದು ಬೆನ್ನು ತಟ್ಟಿದರು. ಎರಡು ವಾರದಲ್ಲಿ ಆಜ್ಞೆ ಹೊರಡುವುದಿತ್ತು. ನೆತ್ತಿಕಲ್ಲಿನ ಸುತ್ತ ಎಂಟು ಕಿಲೋಮೀಟರಿನ ವೃತ್ತ, ಹತ್ತು ವರ್ಷ ಅದರೊಳಗೆ ಯಾರೂ ಬಲೆ ಹಾಕುವಂತಿಲ್ಲ.

ನೆತ್ತಿಕಲ್ಲು ಎಂದರೆ ನೀರಿನಡಿಯ ಬಂಡೆಗಳ ಸಾಲು. ನಾಡದೋಣಿಗಳಿಗೆ ಅದಕ್ಕಿಂತ ದೂರ ಹೋಗುವ ತ್ರಾಣವಿಲ್ಲ. ತೋಪಿನಕೋಡಿ ಬದುಕಿದ್ದೇ ಆ ಕಲ್ಲಿನ ಮೇಲೆ. ಆ ವೃತ್ತ ಬಿದ್ದರೆ ಊರು ಖಾಲಿ.

ಸುದ್ದಿ ಬಂದ ದಿನ ಶೀನ ಐಸ್ ಪ್ಲಾಂಟಿನ ಬಾಗಿಲಲ್ಲೇ ನಿಂತು ಕೇಳಿದ. ಕೂಗಾಡಲಿಲ್ಲ. ಅವನ ಸ್ವಭಾವ ಅದಲ್ಲ.

“ಡಾಕ್ಟ್ರೇ, ನನ್ನ ಅಜ್ಜಯ್ಯ ನೆತ್ತಿಕಲ್ಲಲ್ಲಿ ಬಲಿ ಬೀಸಿದ್ದ್. ಅಪ್ಪಯ್ಯ ಬೀಸಿದ್ದ್. ನಾನ್ ಇಪ್ಪತ್ತೈದ್ ವರ್ಷದಿಂದ ಬೀಸ್ತಾ ಇದ್ದೆ. ಕೆಳಗೆ ಹಡಗ್ಗಟ್ಲೆ ಕಬ್ಣ ಇದ್ರೆ ಒಂದ್ ಸಲ ಆದ್ರೂ ಬಲಿಗೆ ತಾಗ್ತಿರ್ಲಿಲ್ಯಾ?”

“ಕೆಸರಾಗ ಹೂತಿರಬಹುದಲ್ರೀ ಶೀನಣ್ಣ.”

“ಕಲ್ಲಿನ್ ಮೇಲೆ ಕೆಸರ್ ಎಲ್ಲಿಂದ ಬಂತ್?”

ನೀಲಾ ಯಂತ್ರದ ಕಡೆ ತಿರುಗಿ ನೋಡಿದಳು. ಆಮೇಲೆ, “ಯಂತ್ರ ಸುಳ್ಳು ಹೇಳೂದಿಲ್ರಿ,” ಎಂದಳು. ಆ ಮಾತಿನಲ್ಲಿ ಅವಳಿಗೆ ಪೂರ್ತಿ ನಂಬಿಕೆ ಇತ್ತು. ಈ ಜನರ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದೇನೆ ಎಂಬ ಸಂಕಟವೂ ಇತ್ತು. ಆದರೆ ಗಂಟು ಬಿದ್ದ ಲಿವರುಗಳನ್ನು ಅವಳು ಕಣ್ಣಾರೆ ನೋಡಿದ್ದಳು. ಈ ಮೀನು ತಿಂದ ಮಕ್ಕಳ ಗತಿ ಏನು? ಇವತ್ತು ಬೈಸಿಕೊಂಡರೂ ಪರವಾಗಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದ್ದಳು.

ಬೈಗುಳ ಬಂದಿದ್ದರೆ ಸುಲಭವಾಗುತ್ತಿತ್ತು. ಅಕ್ಕಣಿ ಮಾತೇ ಬಿಟ್ಟಳು. ಬೆಳಿಗ್ಗೆ ಬಿಸಿನೀರು ಕಾಯಿಸಿಡುತ್ತಿದ್ದಳು, ಮೊಸರು ಮುಚ್ಚಿಡುತ್ತಿದ್ದಳು, ಆದರೆ ‘ಹ್ವಾಯ್ ಡಾಕ್ಟ್ರಮ್ಮ’ ಎನ್ನುವ ದನಿ ನಿಂತುಹೋಯಿತು. ಆರು ದಿನ ಹೀಗೇ ನಡೆಯಿತು. ಬಾಯಿಬಡುಕಿ ಹೆಂಗಸಿನ ಮೌನ ಎಷ್ಟು ಭಾರವಿರುತ್ತದೆ ಎಂದು ನೀಲಾಳಿಗೆ ಆಗ ತಿಳಿಯಿತು.

ಏಳನೇ ದಿನ ಭಾನುವಾರ. ಮಧ್ಯಾಹ್ನ ನೀಲಾ ತನ್ನ ರೊಟ್ಟಿ ಹಿಡಿದು ಅಡುಗೆಮನೆಯ ಮೂಲೆಯಲ್ಲಿ ಕುಳಿತಿದ್ದಳು. ಶೀನನಿಗೆ ಅಕ್ಕಣಿ ಬಡಿಸುತ್ತಿದ್ದಳು. ಕುಚಲಕ್ಕಿ ಅನ್ನದ ಪಕ್ಕಕ್ಕೆ ಕೆಂಪು ಸಾರಿನಲ್ಲಿ ಮುಳುಗಿದ ದೊಡ್ಡದೊಂದು ತಲೆ ಬಿತ್ತು. ಮೀಸೆ ಸಮೇತ. ಶೇಡಿಯದೇ. ಶೀನ ಅದರ ಕೆನ್ನೆಯ ಮಾಂಸ ಬಿಡಿಸಿ, ಮೂಳೆ ಚೀಪಿ, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ.

ನೀಲಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. “ಅಲ್ರೀ, ತಲಿ ತಿಂತೀರೇನ್ರಿ ನೀವು?”

ಆರು ದಿನ ಕಟ್ಟಿಕೊಂಡಿದ್ದ ಬಾಯಿ ಅಕ್ಕಣಿಗೆ ಇನ್ನು ತಡೆಯಲಾಗಲಿಲ್ಲ.

“ಮತ್ತೆಂತ ಬಿಸಾಡ್ತ್ರಾ? ಶೇಡಿಯಲ್ಲಿ ರುಚಿ ಅಂಬುದ್ ಇಪ್ದೇ ತಲಿಯಲ್ಲಿ ಮಾರಾಯ್ತಿ! ನೆಂಟ್ರ್ ಬಂದ್ರೆ ತಲಿ ಅವ್ರ ಬಟ್ಲಿಗೇ ಹಾಕುದ್. ಅಳಿಯನಿಗೆ ತಲಿ ಬೀಳ್ಲಿಲ್ಲ ಅಂದ್ರೆ ಮರ್ಯಾದಿ ಹೋಯ್ತಂದೇ ಲೆಕ್ಕ.”

“ಮತ್ತ ನನಗ ಯಾಕ ಕೊಟ್ರಿ? ಇನ್ನೂರಾ ಹನ್ನೆರಡು ತಲಿ, ಸುಮ್ಮನ?”

ಅಕ್ಕಣಿ ಸೌಟು ಕೆಳಗಿಟ್ಟಳು. “ನಿಮ್ಗೆ ಕೊಟ್ಟದ್ ನಾವ್ ತಿಂಬು ತಲಿ ಅಲ್ಲ. ಅದ್ ಬಾಣಂತನ ತಲಿ.”

“ಯಾರದು?”

“ಬಾಣಂತ. ಹೆಂಗ್ಸಾದ್ರೆ ಬಾಣಂತಿ, ಇವ ಗಂಡಲ್ದಾ, ಅದ್ಕೆ ಬಾಣಂತ.” ಸಿಟ್ಟಿನಲ್ಲಿದ್ದರೂ ಅಕ್ಕಣಿಯ ತುಟಿಯ ಮೇಲೆ ನಗು ಬಂತು. “ಶೇಡಿಯಲ್ಲಿ ಹೆಣ್ಣ್ ಮೊಟ್ಟಿ ಇಟ್ಟ್ ಹೋತ್ತ್. ಗಂಡ್ ಆ ಮೊಟ್ಟಿ ಎಲ್ಲ ಬಾಯಿಗ್ ಹಾಕಂಡ್ ಕೂಕಂತ್ತ್. ಗೋಲಿ ಹಂಗಿನ್ ಮೊಟ್ಟಿ, ನಲ್ವತ್ತು ಐವತ್ತು. ಮರಿ ಆಗಿ ಈಜುವರಿಗೂ ಬಾಯಿ ಬಿಡುಕಿಲ್ಲ. ಮಕ್ಳ್ ಕೂತ ಬಾಯಿ ಅದ್. ಅಂಥ ಮೀನ್ ಸಿಕ್ರೆ ಮೊಟ್ಟಿ ನೀರಿಗ್ ಬಿಟ್ಟ್ ಕೈ ಮುಗುದ್. ಮೈ ಮಾರ್ತ್ರ್, ತಲಿ ಯಾರೂ ತಿಂಬುದಿಲ್ಲ, ಮಾರುದೂ ಇಲ್ಲ. ಮುಂಚೆ ತೆಂಗಿನ ಬುಡಕ್ ಹಾಕ್ತಿದ್ದ್ರ್. ಈಗ ನಿಮ್ಗೆ.”

ಶೇಡಿಯ ಗಂಡು ಬಾಯಲ್ಲಿ ಮೊಟ್ಟೆ ಕಾಯುತ್ತದೆ ಎಂದು ನೀಲಾ ಪುಸ್ತಕದಲ್ಲಿ ಓದಿದ್ದಳು. ನೂರಕ್ಕೆ ಹತ್ತು ಮೀನು ಹಾಗಿರಬಹುದು, ಲೆಕ್ಕದಲ್ಲಿ ಅಷ್ಟು ವ್ಯತ್ಯಾಸ ಆಗುವುದಿಲ್ಲ ಎಂದುಕೊಂಡಿದ್ದಳು. ನೂರಕ್ಕೆ ನೂರೂ ಅವೇ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅವಳು ರೊಟ್ಟಿಯನ್ನು ತಟ್ಟೆಯಲ್ಲಿಟ್ಟಳು.

“ಅಕ್ಕಾರ, ಬಾಯಾಗ ಮೊಟ್ಟಿ ಇಟ್ಕೊಂಡಾಗ ಅದು ಏನು ತಿಂತೈತ್ರಿ?”

“ಎಂತ ತಿಂತ್ತ್? ತಿಂದ್ರೆ ಮಕ್ಳೇ ಹೊಟ್ಟಿಗ್ ಹೋತ್ತಲ್ದಾ? ಪೂರಾ ಉಪಾಸ. ಬಾಣಂತನ ಹೊಟ್ಟಿ ಕೊಯ್ದ್ರೆ ಒಂದ್ ಕಾಳ್ ಇಪ್ದಿಲ್ಲ. ಒಂದೂವರೆ ತಿಂಗ್ಳ್, ಎರಡ್ ತಿಂಗ್ಳ್.”

ನೀಲಾ ಕೈ ತೊಳೆಯದೆ ಓಡಿದಳು. ಹಿಂದಿನಿಂದ ಶೀನ, “ಎಂತಾಯ್ತ್ ಇವ್ರಿಗೆ?” ಎನ್ನುವುದು ಕೇಳಿತು.

ಐಸ್ ಪ್ಲಾಂಟಿನಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಮೊದಲನೆಯ ಕಲ್ಲನ್ನು ಇಟ್ಟಳು. ಹೊರ ಅಂಚಿಗೆ ತಾಗಿದಂತೆ ಕೂದಲೆಳೆಯಂತಹ ಒಂದು ಕಪ್ಪು ಗೀರು ಇತ್ತು. ಅದನ್ನು ಮೊದಲೂ ನೋಡಿದ್ದಳು, ಕಲ್ಲು ಕೊಯ್ಯುವ ಗರಗಸದ ಗೀರು ಎಂದು ಬಿಟ್ಟಿದ್ದಳು. ಎರಡನೆಯ ಕಲ್ಲು, ಅದೇ ಗೀರು. ಹತ್ತನೆಯದು, ಐವತ್ತನೆಯದು, ಇನ್ನೂರನೆಯದು. ಗರಗಸ ಇನ್ನೂರು ಸಲ ಒಂದೇ ಜಾಗದಲ್ಲಿ ತಪ್ಪುವುದಿಲ್ಲ. ಅದು ಉಪವಾಸದ ಗೀರು. ಹೊಟ್ಟೆಗೆ ಬೀಳದ ದಿನಗಳಲ್ಲಿ ಕಲ್ಲು ಬೆಳೆದೇ ಇರಲಿಲ್ಲ. ನಲವತ್ತು, ಐವತ್ತು, ಅರವತ್ತು ದಿನಗಳು ಆ ಒಂದು ಗೆರೆಯೊಳಗೆ ಮಡಿಸಿಕೊಂಡು ಕುಳಿತಿದ್ದವು. ಯಂತ್ರ ಆ ದಿನಗಳನ್ನು ಎಣಿಸಿರಲಿಲ್ಲ, ಎಣಿಸಲು ಅಲ್ಲಿ ಪದರವೇ ಇರಲಿಲ್ಲ.

ಅಕ್ಟೋಬರ್ ಎಂದು ಯಂತ್ರ ಹೇಳಿದ್ದು ಅಕ್ಟೋಬರ್ ಅಲ್ಲ, ಆಗಸ್ಟ್. ಆಗಸ್ಟಿನಲ್ಲಿ ಮಳೆಯ ಹೊಳೆಗಳು ಕೆಂಪು ನೀರನ್ನು ಕಡಲೊಳಗೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ತಳ್ಳಿರುತ್ತವೆ. ಸಪ್ಪೆ ನೀರೆಂದರೆ ದಡದ ಹತ್ತಿರ ಎಂಬ ಲೆಕ್ಕ ಆ ತಿಂಗಳಿಗೆ ನಡೆಯುವುದಿಲ್ಲ. ಹಾಗಾದರೆ ಮದ್ದುಗುಂಡು ನೆತ್ತಿಕಲ್ಲಿನಲ್ಲಿ ಇಲ್ಲ, ಎಲ್ಲೋ ಆಳದಲ್ಲಿದೆ. ವೃತ್ತವನ್ನು ಇಲ್ಲಿ ಹಾಕಿದರೆ ಈ ಊರು ಹಾಳಾಗುತ್ತದೆ, ಅಲ್ಲಿ ತಳ ಗೋರುವ ದೊಡ್ಡ ಟ್ರಾಲ್ ಬೋಟುಗಳು ವಿಷದ ಮೇಲೆಯೇ ಬಲೆ ಎಳೆದು ಮೀನನ್ನು ರಾಜ್ಯಕ್ಕೆಲ್ಲ ಹಂಚುತ್ತಿರುತ್ತವೆ.

ಅವಳಿಗೆ ನಾಚಿಕೆಯಾಯಿತು, ಚೆನ್ನಾಗಿಯೇ ಆಯಿತು. ಆದರೆ ನಾಚಿಕೆಯಲ್ಲಿ ಕೂರುವ ಜಾಯಮಾನ ಅವಳದ್ದಲ್ಲ. ಅಂದೇ ಸಂಜೆ ಉಪಾಧ್ಯರನ್ನು ಪರದೆಗೆ ಕರೆದಳು.

“ಸರ್, ವರದಿ ವಾಪಸ್ ತಗೋಬೇಕ್ರಿ.”

ಉಪಾಧ್ಯರು ಕನ್ನಡಕ ತೆಗೆದು ಒರೆಸಿದರು. “ನೀಲಾ, ಐದು ದಿನದಲ್ಲಿ ಆಜ್ಞೆ ಹೊರಡುತ್ತೆ. ಮಂತ್ರಿಗಳು ಮಾತಾಡಿ ಆಗಿದೆ. ಯಂತ್ರ ತಪ್ಪು ಅಂತ ಈಗ ಹೇಗಮ್ಮ ಹೇಳೋದು?”

“ಯಂತ್ರ ತಪ್ಪು ಮಾಡಿಲ್ರಿ. ಅದು ಇದ್ದದ್ದನ್ನ ಇದ್ದ ಹಾಂಗ ಓದೈತಿ. ನಾನು ಅದರ ಮುಂದ ಉಪವಾಸ ಇದ್ದ ಗಂಡಸರನ್ನಷ್ಟೇ ಕೂಡ್ಸೀನಿ. ತಪ್ಪು ನನ್ನದು. ಹಾಂಗಂತ ನನ್ನ ಹೆಸರಿಂದಲೇ ಬರೀತೀನಿ.”

ಉಪಾಧ್ಯರು ಕನ್ನಡಕ ಮತ್ತೆ ಏರಿಸಿಕೊಂಡರು. ಅವರೂ ಹಳೆಯ ಕಾಲದ ವಿಜ್ಞಾನಿ. ತಪ್ಪು ಒಪ್ಪಿಕೊಂಡವರ ಮೇಲೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. “ಶುಕ್ರವಾರ ಬೆಳಿಗ್ಗೆವರೆಗೆ ತಡೀತೀನಿ. ಆಮೇಲೆ ನನ್ನ ಕೈಲಿ ಇಲ್ಲ. ಸಾಬೀತು ಬೇಕು.”

ಸಾಬೀತಿಗೆ ಬೇಕಾದದ್ದು ಹೆಣ್ಣು ಶೇಡಿಯ ತಲೆಗಳು. ಹೆಣ್ಣು ಮೊಟ್ಟೆ ಇಟ್ಟು ತನ್ನ ಪಾಡಿಗೆ ಮೇಯುತ್ತದೆ, ಒಂದು ದಿನವೂ ಉಪವಾಸವಿಲ್ಲ, ಕಲ್ಲಿನಲ್ಲಿ ಒಂದು ದಿನವೂ ಕಳೆದುಹೋಗಿರುವುದಿಲ್ಲ. ಕಡಿಮೆಯೆಂದರೂ ಎಂಬತ್ತು ತಲೆ ಬೇಕಿತ್ತು, ಮೂರು ದಿನದಲ್ಲಿ. ಅಂದರೆ ಊರಿನ ಅಷ್ಟೂ ಮನೆಗಳ ಸಾರಿಗೆ ಕೈ ಹಾಕಿದಂತೆ. ನೀಲಾ ಅಕ್ಕಣಿಯ ಮುಂದೆ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಅಕ್ಕಣಿ ಕೇಳುತ್ತ ಕೇಳುತ್ತ ಒಂದೇ ಕಡೆ ತಡೆದು ಕೇಳಿದಳು.

“ನಾವ್ ಒಳ್ಳೆ ತಲಿ ಕೊಟ್ಟಿದ್ರೆ ಈ ರಾಮಾಯಣ ಆತಿರ್ಲಿಲ್ಲ ಅಂದೇಳಿಯಾ?”

“ಅಲ್ರಿ. ನಾನು ಯಾಕ ಕೊಡ್ತೀರಿ ಅಂತ ಕೇಳಿದ್ರ ಆಗ್ತಿರಲಿಲ್ಲ.”

ಆ ಉತ್ತರ ಅಕ್ಕಣಿಗೆ ಹಿಡಿಸಿತು. ಮರುದಿನ ಬೆಳಿಗ್ಗೆ ಬಂದರಿನಲ್ಲಿ ಅವಳ ಗಂಟಲು ಅಲೆಯ ಸದ್ದನ್ನೂ ಮೀರಿ ಕೇಳುತ್ತಿತ್ತು. “ಹ್ವಾಯ್, ಎಲ್ಲರೂ ಕೇಣಿ! ಇವತ್ತಿಂದ ಮೂರ್ ದಿನ ಹೆಣ್ಣ್ ಶೇಡಿ ತಲಿ ಯಾರೂ ಸಾರಿಗ್ ಹಾಕುಕಿಲ್ಲ! ಎಲ್ಲ ಡಾಕ್ಟ್ರಮ್ಮಂಗೆ!” ಹೆಂಗಸರು ಗೊಣಗಿದರು, ಮೂಗು ಮುರಿದರು. ಊರಿಗೆ ಕೊಳ್ಳಿ ಇಡಲು ಬಂದವಳಿಗೆ ನಮ್ಮ ತಲೆ ಬೇರೆ ಕೊಡಬೇಕಾ ಎಂದು ಒಬ್ಬಳು ನೇರವಾಗಿ ಕೇಳಿದಳು. ಅದಕ್ಕೆ ಅಕ್ಕಣಿ, “ಬೆಂಕಿ ಹಚ್ಚಿದ್ದ್ ನಾವೂ ಸೇರಿ. ಆರ್ಸುಕೂ ನಾವ್ ಸೇರ್ಕ್,” ಎಂದಳು. ಹೊಟ್ಟೆ ಸೀಳಿದ ಕೂಡಲೇ ಹೆಣ್ಣೋ ಗಂಡೋ ಅವರಿಗೆ ಗೊತ್ತಾಗುತ್ತಿತ್ತು. ಸೋಮವಾರ ಇಪ್ಪತ್ತಾರು, ಮಂಗಳವಾರ ಮೂವತ್ತೊಂದು, ಬುಧವಾರ ಮೂವತ್ತೆಂಟು. ಆ ಮೂರು ದಿನ ತೋಪಿನಕೋಡಿಯ ಗಂಡಸರು ಬರೀ ಬಾಲದ ತುಂಡು ತಿಂದು, ಊಟದ ಹೊತ್ತಿಗೆ ಮುಖ ಗಂಟು ಹಾಕಿಕೊಂಡಿದ್ದರಂತೆ.

ದಿನಚರಿ ನಿಲ್ಲದೆ ಓಡಿತು. ಬುಧವಾರ ಇಳಿಹೊತ್ತಿಗೆ ಬೊಟ್ಟು ಬಿತ್ತು. ಈ ಸಲ ಅದು ಕಲಸಿರಲಿಲ್ಲ. ತೊಂಬತ್ತೈದು ಮೀನುಗಳು ಒಂದೇ ಜಾಗ ತೋರಿಸಿದ್ದವು, ಒಂದಕ್ಕೂ ಇನ್ನೊಂದಕ್ಕೂ ಅರ್ಧ ಕಿಲೋಮೀಟರಿನ ವ್ಯತ್ಯಾಸವೂ ಇಲ್ಲ. ದಡದಿಂದ ಇಪ್ಪತ್ತೆರಡು ಕಿಲೋಮೀಟರ್, ನೀರಿನ ಆಳ ಮೂವತ್ತೆಂಟು ಮೀಟರ್. ತಳ ಪೂರಾ ಕೆಸರು.

ಗುರುವಾರ ಬೆಳಿಗ್ಗೆ ಇಲಾಖೆಯ ಸಂಶೋಧನಾ ದೋಣಿ ಕ್ಯಾಮರಾ ಕಟ್ಟಿಕೊಂಡು ಹೊರಟಿತು. ದಾರಿ ತೋರಿಸಲು ಶೀನ ಹೋದ. ಚಿತ್ರ ಐಸ್ ಪ್ಲಾಂಟಿನ ದೊಡ್ಡ ಪರದೆಗೆ ಬರುತ್ತಿತ್ತು. ಮೈಸೂರಿನಿಂದ ಉಪಾಧ್ಯರೂ ಅದನ್ನೇ ನೋಡುತ್ತಿದ್ದರು. ಅಕ್ಕಣಿ ಆ ಕೋಣೆಗೆ ಬಂದದ್ದು ಅದೇ ಮೊದಲು. ಸೆರಗಿನಿಂದ ಕುರ್ಚಿ ಒರೆಸಿ ಕುಳಿತಳು. ಅವಳ ಬೆನ್ನಿಗೆ ಇಪ್ಪತ್ತು ಹೆಂಗಸರು, ಬಾಗಿಲಲ್ಲಿ ಇನ್ನಷ್ಟು.

ಒಂದು ಗಂಟೆ ಪರದೆಯ ಮೇಲೆ ಬರೀ ಕೆಸರು. ಯಾರೋ ಆಕಳಿಸಿದರು. ನೀಲಾ ಮಾತ್ರ ನೆಟ್ಟಗೆ ನಿಂತಿದ್ದಳು. ಅವಳಿಗೆ ಹೆದರಿಕೆ ಇರಲಿಲ್ಲ. ಈ ಸಲ ಸಾಕ್ಷಿಗಳನ್ನು ಸರಿಯಾಗಿ ಕರೆದಿದ್ದೇನೆ ಎಂದು ಅವಳಿಗೆ ಗೊತ್ತಿತ್ತು.

ಕೆಸರಿನಿಂದ ಒಂದು ದುಂಡನೆಯ ಅಂಚು ಎದ್ದು ಕಂಡಿತು. ಪಕ್ಕದಲ್ಲಿ ಇನ್ನೊಂದು. ಕ್ಯಾಮರಾ ಮುಂದೆ ಸರಿದಂತೆ ಬಾಳೆಗೊನೆ ಪೇರಿಸಿಟ್ಟಂತೆ ಸಾಲು ಸಾಲು ಗುಂಡುಗಳು, ತುಕ್ಕು ತಿಂದು ಬಾಯಿ ಬಿಟ್ಟವು. ಬಾಯಿಯ ಸುತ್ತ ಹಳದಿ ಹೆಪ್ಪು ಕಟ್ಟಿತ್ತು. ಅದರ ಸಂದಿಯಿಂದ ಒಂದು ಶೇಡಿ ಮೀಸೆ ಆಡಿಸುತ್ತ ಹೊರಬಂದು, ಕ್ಯಾಮರಾದ ದೀಪ ನೋಡಿ, ಮತ್ತೆ ಒಳಗೆ ಹೋಯಿತು.

“ಅಯ್ಯೋ ದೇವ್ರೆ,” ಎಂದಳು ಅಕ್ಕಣಿ. “ಇದ್ರ ಮಧ್ಯ ಮೇಯ್ತಾ ಇದಿತ್ತಾ?”

ಪರದೆಯ ಮೂಲೆಯಲ್ಲಿ ಉಪಾಧ್ಯರು ಎದ್ದುನಿಂತದ್ದು ಕಂಡಿತು. “ನೀಲಾ, ವೃತ್ತ ಅಲ್ಲಿಗೆ. ಈಗಲೇ ಬರೀತಿದ್ದೀನಿ. ನೆತ್ತಿಕಲ್ಲು ಬಿಟ್ಟಾಯ್ತು.” ಕೋಣೆಯಲ್ಲಿ ಎದ್ದ ಕೂಗಿಗೆ ಐಸ್ ಪ್ಲಾಂಟಿನ ತಗಡಿನ ಮಾಡು ನಡುಗಿತು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ವೈರ್‌ಲೆಸ್ಸಿನಲ್ಲಿ ಶೀನನ ದನಿ, “ಅಬ್ಬೇ, ಕಂಡ್ಯಾ? ಅಬ್ಬೇ!” ಎಂದು ಮಕ್ಕಳಂತೆ ಕೂಗುತ್ತಿತ್ತು. ನೀಲಾಳ ಕಣ್ಣಲ್ಲಿ ನೀರು ಬಂತು. ಹನ್ನೊಂದು ವರ್ಷದಲ್ಲಿ ಅವಳಿಗೆ ಇಷ್ಟು ಖುಷಿ ಎಂದೂ ಆಗಿರಲಿಲ್ಲ.

ಆದರೆ ಹೇಳಬೇಕಾದ ಒಂದು ಮಾತು ಉಳಿದಿತ್ತು. ಹಿಂದಿನ ರಾತ್ರಿಯೇ ಅದು ಅವಳಿಗೆ ತಿಳಿದಿತ್ತು. ಗದ್ದಲ ಸ್ವಲ್ಪ ತಣಿದ ಮೇಲೆ ಅವಳು ಅಕ್ಕಣಿಯ ಕುರ್ಚಿಯ ಪಕ್ಕ ನೆಲದ ಮೇಲೆಯೇ ಕುಳಿತಳು.

“ಅಕ್ಕಾರ, ಗಂಡು ಶೇಡಿ ಕಲ್ಲು ಇನ್ನೊಮ್ಮೆ ಓದಿಸೀನ್ರಿ, ಸರಿಯಾದ ತಾರೀಕು ಹಾಕಿ. ಆಗಸ್ಟ್ ತಿಂಗಳದಾಗ ಅವು ಅಲ್ಲಿ ವಿಷದಾಗ ಮೇಯ್ತಾವು. ಮೊಟ್ಟಿ ಬಾಯಿಗೆ ಬಂದ ಕೂಡ್ಲೆ ಅಲ್ಲಿ ನಿಲ್ಲೂದಿಲ್ಲ. ಸೀದಾ ನೆತ್ತಿಕಲ್ಲಿಗೆ ಬಂದು ಕೂಡ್ತಾವು. ನಿಮ್ಮ ನೀರು ಶುದ್ಧ ಐತಿ, ಅದಕ್ಕ. ಮಕ್ಕಳಿಗಂತ ಬರ್ತಾವು.”

“ಹೌದಾ?” ಅಕ್ಕಣಿಯ ಮುಖ ಅರಳಿತು.

“ಹೌದ್ರಿ. ಆದ್ರ ಅವುಗಳ ಮೈಯಾಗಿನ ವಿಷ ಹೋಗಿಲ್ಲ. ಹೆಣ್ಣಿನ ಮೈಯಾಗೂ ಐತಿ. ಬೈಗಿ ತಿನ್ರಿ, ಬಂಗಡೆ ತಿನ್ರಿ, ಅವಕ್ಕೇನೂ ಆಗಿಲ್ಲ. ಶೇಡಿ ಮಾತ್ರ ಬ್ಯಾಡ. ತಲಿ ಅಂತೂ ಮುಟ್ಟಲೇಬ್ಯಾಡ್ರಿ. ಆ ಗುಂಡು ತೆಗೆದು, ತಳ ತೊಳೆದು, ಹೊಸ ಮರಿ ದೊಡ್ಡವಾಗಬೇಕು. ಐದು ವರ್ಷ.”

ಖುಷಿಯ ಗುಲ್ಲು ಕಡಿದಂತೆ ನಿಂತಿತು. “ಐದ್ ವರ್ಷವಾ!” ಎಂದು ಯಾರೋ ಹಿಂದಿನಿಂದ ಬೊಬ್ಬೆ ಹೊಡೆದರು. ಶೇಡಿ ಬಿಟ್ಟರೆ ವ್ಯಾಪಾರ ಏನಾಗಬೇಕು, ಮನೆಗೆ ಬಂದವರಿಗೆ ಏನು ಬಡಿಸಬೇಕು ಎಂದು ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಅಕ್ಕಣಿ ಪರದೆಯ ಕಡೆಗೇ ನೋಡುತ್ತಿದ್ದಳು. ಅಲ್ಲಿ ಆ ಶೇಡಿ ಮತ್ತೆ ಹೊರಬಂದು ಕೆಸರು ಕೆದಕುತ್ತಿತ್ತು. ನಲವತ್ತು ವರ್ಷ ಅವಳ ಹೊಟ್ಟೆ ಹೊರೆದ ಮೀನು ಅದು. ಅವಳ ಕಣ್ಣು ತುಂಬಿತ್ತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಆಮೇಲೆ ಎದ್ದು ಹೆಂಗಸರ ಕಡೆಗೆ ತಿರುಗಿದಳು.

“ಎಂತಕೆ ಬೊಬ್ಬಿ ಹೊಡಿತ್ರಿ? ಆ ಗಂಡ್ ಮೀನ್ ತನ್ನ ಮಕ್ಳಿಗಾಯಿ ಎರಡ್ ತಿಂಗ್ಳ್ ಬಾಯಿ ಕಟ್ಟತ್ತ್. ನಾವ್ ನಮ್ಮ ಮಕ್ಳಿಗಾಯಿ ಐದ್ ವರ್ಷ ಬಾಯಿ ಕಟ್ಟುಕಾತಿಲ್ಯಾ?”

ಊರಿಗೆ ಕೊಳ್ಳಿ ಇಡಲು ಬಂದವಳು ಎಂದು ಬೈದಿದ್ದ ಹೆಂಗಸು ಮುಂದೆ ಬಂದಳು. ಅವತ್ತಿನ ಸಾರಿಗೆಂದು ತೆಗೆದಿಟ್ಟುಕೊಂಡಿದ್ದ ಎರಡು ಇಡೀ ಶೇಡಿಗಳನ್ನು ಬುಟ್ಟಿಯಿಂದ ಎತ್ತಿ ನೀಲಾಳ ಮೇಜಿನ ಮೇಲೆ ಇಟ್ಟು, ಕೈ ತೊಳೆಯಲು ಹೋದಳು. ಅವಳ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಬಂದರು.